ಮೂವತ್ತು ದಿನಗಳ ಕವಿತ್ವ

ತಿಂಗಳ ಮೊದಲನೆಯ ದಿನ ಬೆಳಗಾಗುವುದೇ ತಡ, ಒಂದು ಪದವು ಹೊರಡುತ್ತದೆ. ಆ ದಿನದ ಪದ ‘ಮಳೆ’. ಮರುದಿನ ‘ತಾಯಿ’, ಅದರ ಮರುದಿನ ‘ರೈತ’, ನಾಲ್ಕನೆಯ ದಿನ ಪದದ ಬದಲಿಗೆ ಒಂದು ಚಿತ್ರ. ಹೀಗೆ ಮೂವತ್ತು ದಿನ ಮೂವತ್ತು ಅಪ್ಪಣೆಗಳು. ಅಪ್ಪಣೆಯಾದ ದಿನವೇ, ರಾತ್ರಿಯಾಗುವುದರೊಳಗಾಗಿ, ಕವಿತೆಯನ್ನು ಬರೆದೊಪ್ಪಿಸತಕ್ಕದ್ದು. ಒಪ್ಪಿಸಿದ ಗಳಿಗೆಯಲ್ಲಿಯೇ ಬಳಗದವರೆಲ್ಲರೂ ಅದನ್ನು ಓದಿ ಮೆಚ್ಚತಕ್ಕದ್ದು. ತಿಂಗಳು ತುಂಬಿದಾಗ ಬರೆದವರೆಲ್ಲರಿಗೂ ಒಂದೊಂದು ಅಭಿನಂದನಾ ಪತ್ರವು ಸಲ್ಲತಕ್ಕದ್ದು. ಅಮೆರಿಕಾ ದೇಶದಲ್ಲಿ 1996ರಿಂದ ಏಪ್ರಿಲ್ ತಿಂಗಳನ್ನು ಕಾವ್ಯಮಾಸವೆಂದು ಆಚರಿಸುತ್ತ ಬಂದಿದ್ದಾರೆ. ಆ ತಿಂಗಳಿನ ಮೂವತ್ತು ದಿನಗಳಲ್ಲಿ ಮೂವತ್ತು ಕವಿತೆಗಳನ್ನು ಬರೆಯುವ ವ್ರತವನ್ನು 2003ರಲ್ಲಿ ಮೌರೀನ್ ಥಾರ್ಸನ್ ಎಂಬ ಕವಯಿತ್ರಿ ಅಲ್ಲಿ ಆರಂಭಿಸಿದರು. ಅಂಥದೇ ಪದ್ಧತಿಯು ಮೊಬೈಲಿನ ಬಳಗಗಳ ಮೂಲಕ ಕನ್ನಡದಲ್ಲಿಯೂ ನೆಲೆಗೊಂಡಿದೆ. ‘ದತ್ತಪದ ಕವನ’, ‘ಚಿತ್ರ ಕವನ’ ಎಂಬ ಹೆಸರುಗಳನ್ನು ಕೇಳದ ಓದುಬಲ್ಲ ಮನೆಗಳು ಈಗ ವಿರಳ. ಬೆಂಗಳೂರಿನಲ್ಲಿ ಕುಳಿತವರಿಗೂ, ಶಿರಾ ಹಿರಿಯೂರುಗಳ ನಡುವೆ ಹೆದ್ದಾರಿಯ ಬದಿಯಲ್ಲಿರುವ ಜವನಗೊಂಡನಹಳ್ಳಿಯಲ್ಲಿ ಕುಳಿತವರಿಗೂ ಒಂದೇ ಮುಂಜಾನೆ ಒಂದೇ ಪದವು ಬಂದು ಮುಟ್ಟುತ್ತದೆ.

ಈ ವಿಷಯದಲ್ಲಿ ವಿದ್ಯಾವಂತರು ಎರಡು ಪಕ್ಷವಾಗಿದ್ದಾರೆ. ಕವಿತ್ವವು ಅಪ್ಪಣೆಗೆ ಬರತಕ್ಕ ಆಳಲ್ಲ, ಇದು ಕಾವ್ಯದ ಕಾರ್ಖಾನೆ ಎಂದು ಹಳೆಯ ಓದಿನವರು ನಗುತ್ತಾರೆ. ಕಾವ್ಯವು ಪಂಡಿತರ ಸೆರೆಯಿಂದ ಬಿಡುಗಡೆಯಾಯಿತು, ಇನ್ನು ಮನೆಮನೆಯೂ ಕವಿಗೃಹವೇ ಎಂದು ಹೊಸ ಉತ್ಸಾಹದವರು ಹಿಗ್ಗುತ್ತಾರೆ. ವಿಚಾರಿಸಿ ನೋಡಿದರೆ ಈ ಎರಡು ಪಕ್ಷಗಳೂ ತಪ್ಪು. ಅಪ್ಪಣೆಯಲ್ಲಿ ದೋಷವಿಲ್ಲ, ಅದು ಈ ದೇಶದ ಅತಿ ಹಳೆಯ ಕಾವ್ಯಶಿಕ್ಷಣ. ದೋಷವಿರುವುದು ಬರೆದುದನ್ನು ಒರೆಗಲ್ಲಿಗೆ ಹಚ್ಚದೆ ಅಂದೇ ಚಿನ್ನವೆಂದು ಮಾರುವುದರಲ್ಲಿ. ಅಭ್ಯಾಸವನ್ನು ಕೃತಿಯೆಂದು ಭ್ರಮಿಸುವುದೇ ಈ ಮೂವತ್ತು ದಿನಗಳ ರೋಗ.

ಮೊದಲು ನಗುವವರ ಮಾತನ್ನು ನೋಡತಕ್ಕದ್ದು. ಪ್ರತಿಭೆಯು ಹುಟ್ಟಿನಿಂದ ಬರತಕ್ಕದ್ದು, ಕರೆದಾಗ ಬಾರದು, ಆದುದರಿಂದ ಕೊಟ್ಟ ಪದಕ್ಕೆ ಬರೆದುದು ಕವಿತೆಯಾಗಲಾರದು ಎಂಬುದು ಅವರ ವಾದ. ಯಾವ ಶಾಸ್ತ್ರದ ಬಲದಿಂದ ಅವರು ಹೀಗೆ ಹೇಳುತ್ತಾರೆಯೋ ಆ ಶಾಸ್ತ್ರವೇ ಅವರ ಕೈಬಿಡುತ್ತದೆ. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಮೂರು ಕಾರಣಗಳೆಂದು ಬಿಡಿಬಿಡಿಯಾಗಿ ಹೇಳದೆ, ಮೂರೂ ಕೂಡಿ ಒಂದೇ ಕಾರಣವೆಂದು ನಿರ್ಣಯಿಸಿದನು. ದಂಡಿಯು ಇನ್ನೂ ಉದಾರಿ. ಪೂರ್ವಸಂಸ್ಕಾರದ ಪ್ರತಿಭೆ ಇಲ್ಲದಿದ್ದರೂ ಓದಿನಿಂದಲೂ ಪ್ರಯತ್ನದಿಂದಲೂ ಸೇವಿಸಿದವನಿಗೆ ವಾಗ್ದೇವಿಯು ಏನಾದರೊಂದು ಅನುಗ್ರಹವನ್ನು ಮಾಡಿಯೇ ತೀರುವಳೆಂದು ಅವನ ಮತ. ಕಾಶ್ಮೀರದ ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಬರೆದ ‘ಕವಿಕಂಠಾಭರಣ’ವು ಕವಿಯಾಗಬಯಸುವವರಿಗೆಂದೇ ಹುಟ್ಟಿದ ಪುಸ್ತಕ. ಛಂದಸ್ಸಿನ ನಡೆ ಕಿವಿಗೆ ಹತ್ತುವವರೆಗೆ ಅರ್ಥವಿಲ್ಲದ ಪದಗಳನ್ನಾದರೂ ಜೋಡಿಸಿ ಅಭ್ಯಾಸಮಾಡಬೇಕೆಂದೂ, ಹಳೆಯ ಶ್ಲೋಕಗಳ ಪಾದವನ್ನು ತೆಗೆದು ತಾನೇ ತುಂಬಿನೋಡಬೇಕೆಂದೂ ಅವನು ವಿಧಿಸುತ್ತಾನೆ. ಕೆಲವರು ಎಷ್ಟು ಕಲಿಸಿದರೂ ಕವಿಗಳಾಗಲಾರರೆಂದು ಅವನೂ ಒಪ್ಪಿದನು. ಆದರೆ ಕಲಿಸುವುದಕ್ಕೆ ಮೊದಲೇ ಬಾಗಿಲು ಮುಚ್ಚಲಿಲ್ಲ.

ಸಮಸ್ಯಾಪೂರಣವಂತೂ ವಾತ್ಸ್ಯಾಯನನು ಎಣಿಸಿದ ಅರುವತ್ತುನಾಲ್ಕು ಕಲೆಗಳಲ್ಲಿಯೇ ಸೇರಿದೆ. ಕನ್ನಡದಲ್ಲಿ ಕಂತಿ ಹಂಪರ ಸಮಸ್ಯೆಗಳೆಂದು ಪ್ರಸಿದ್ಧವಾದ ಪದ್ಯಗಳಿವೆ. ಅಭಿನವಪಂಪನು ಕೊಟ್ಟ ಸಮಸ್ಯೆಗಳನ್ನು ಕಂತಿಯು ಪೂರೈಸಿದಳೆಂದು ಐತಿಹ್ಯ. ಇದು ಇತಿಹಾಸವೋ ಕಥೆಯೋ ಎಂಬ ಚರ್ಚೆ ಹಾಗಿರಲಿ. ಕನ್ನಡಿಗರು ತಮ್ಮ ಆದ್ಯ ಕವಯಿತ್ರಿಯನ್ನು ನೆನೆಯುವಾಗ ಅಪ್ಪಣೆಗೆ ಉತ್ತರಕೊಟ್ಟವಳೆಂದೇ ನೆನೆದರು, ಅದರಿಂದ ಅವಳ ಗೌರವವು ಕಡಮೆಯಾಯಿತೆಂದು ಯಾರೂ ಭಾವಿಸಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ. ಈ ಕಾಲದಲ್ಲಿ ಶತಾವಧಾನಿ ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದರು. ಅಪ್ಪಣೆಯಿಂದ ಪದ್ಯ ಹುಟ್ಟುವುದೇ ಇಲ್ಲವೆನ್ನುವವರು ಅದಕ್ಕೆ ಏನೆನ್ನುವರು?

ಆದರೆ ಇಷ್ಟರಿಂದ ಹಿಗ್ಗುವವರು ಗೆದ್ದರೆಂದು ತಿಳಿಯಲಾಗದು. ಹಳೆಯ ಅಪ್ಪಣೆಗೂ ಹೊಸ ಅಪ್ಪಣೆಗೂ ಹೆಸರು ಒಂದಾದರೂ ಜಾತಿ ಬೇರೆ. ಅವಧಾನದ ದತ್ತಪದಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೊಟ್ಟು, ವಿಷಯವನ್ನೂ ಛಂದಸ್ಸನ್ನೂ ಹೇಳಿ, ಪಾದಕ್ಕೊಂದರಂತೆ ಆ ಪದಗಳನ್ನು ಹೆಣೆಯಬೇಕೆಂದು ಕೇಳುತ್ತಾರೆ. ನಿಷೇಧಾಕ್ಷರಿಯಲ್ಲಿ ಪೃಚ್ಛಕನು ಹೆಜ್ಜೆಹೆಜ್ಜೆಗೂ ಮುಂದಿನ ಅಕ್ಷರವನ್ನು ಊಹಿಸಿ ತಡೆಯುತ್ತಾನೆ. ಸಮಸ್ಯೆಯಲ್ಲಿ ಅಸಂಬದ್ಧವಾಗಿಯೋ ಅನುಚಿತವಾಗಿಯೋ ಕಾಣುವ ಕಡೆಯ ಪಾದವೊಂದನ್ನು ಕೊಟ್ಟು, ಮೊದಲ ಮೂರು ಪಾದಗಳಿಂದ ಅದನ್ನು ಸುಸಂಬದ್ಧವಾಗಿಸಬೇಕೆನ್ನುತ್ತಾರೆ. ಇವುಗಳಲ್ಲಿ ಪ್ರತಿಯೊಂದೂ ದಾರಿಗೆ ಅಡ್ಡಲಾಗಿ ಇಟ್ಟ ಕಲ್ಲು. ಹೊಸ ದತ್ತಪದವಾದರೋ ಇಳಿಜಾರು. ಕಾಲಿಟ್ಟರೆ ತಾನಾಗಿಯೇ ಜಾರಿಕೊಂಡು ಹೋಗಬಹುದು.

ಉದಾಹರಣೆಗೆ ‘ಕೆರೆ’ ಎಂಬ ಪದವನ್ನು ಕೊಟ್ಟು ಬರೆಯಹೇಳಿದರೆ ಆಗುವುದೇನು? ಹಿಂದೆ ಕೆರೆ ತುಂಬಿತ್ತು, ಈಗ ಬತ್ತಿದೆ, ಮನುಷ್ಯನ ದುರಾಸೆಯೇ ಇದಕ್ಕೆ ಕಾರಣ, ಎಲ್ಲರೂ ಎಚ್ಚರಗೊಳ್ಳಲಿ ಎಂದು ಬಹುಮಂದಿ ಬರೆಯುವರು. ಅದರಲ್ಲಿ ಸುಳ್ಳೇನೂ ಇಲ್ಲ. ಹೊಸದೂ ಏನೂ ಇಲ್ಲ. ಬರೆದವರ ಹೆಸರನ್ನು ಅದಲುಬದಲು ಮಾಡಿದರೆ ಬರೆದವರಿಗೇ ತಿಳಿಯದು. ಅದರ ಬದಲಿಗೆ ‘ನೀರಿಲ್ಲದ ಕೆರೆಯಲ್ಲಿ ದೋಣಿ ತೇಲಿತು’ ಎಂದು ಕಡೆಯ ಸಾಲನ್ನು ಕೊಟ್ಟರೆ ಲೇಖನಿಯು ಒಮ್ಮೆ ನಿಲ್ಲುತ್ತದೆ. ನೀರಿಲ್ಲದೆಡೆ ದೋಣಿ ತೇಲುವುದೆಂತು? ಒಬ್ಬರಿಗೆ ಬಿಸಿಲ್ಗುದುರೆ ನೆನಪಾಗುವುದು. ಇನ್ನೊಬ್ಬರಿಗೆ, ಮಧ್ಯಾಹ್ನದ ಝಳದಲ್ಲಿ ಒಣಗಿದ ಕೆರೆಯಂಗಳವನ್ನು ಹಾಯುತ್ತಿರುವ ಕಡಲೆಕಾಯಿಯ ಗಾಡಿಯು ಏರಿಯ ಮೇಲಿಂದ ನೋಡುವವರಿಗೆ ಓಲಾಡುವ ದೋಣಿಯಂತೆ ತೋರುವುದು. ಮತ್ತೊಬ್ಬರಿಗೆ, ನೀರು ತುಂಬಿದ ಕೆರೆಯನ್ನು ಎಂದೂ ಕಾಣದ ಮಗುವು ಅಜ್ಜಿಯ ಕಥೆಯನ್ನು ಕೇಳಿ ಬಿರುಕುಬಿಟ್ಟ ಮಣ್ಣಿನ ಮೇಲೆ ಕಡ್ಡಿಯಿಂದ ದೋಣಿಯ ಚಿತ್ರವನ್ನು ಬರೆದುದು ಹೊಳೆಯುವುದು. ಒಂದೇ ಅಪ್ಪಣೆಗೆ ಮೂರು ಕಣ್ಣುಗಳು ತೆರೆದವು. ಮೂರರಲ್ಲಿಯೂ ಹಿರಿಯೂರು ಸೀಮೆಯ ಬಿಸಿಲು ಒಳಕ್ಕೆ ಬಂದಿತು. ಅಡ್ಡಿಯು ಊಹೆಯನ್ನು ಎಬ್ಬಿಸುತ್ತದೆ. ಬರಿಯ ವಿಷಯವು ನೆನಪಿನಲ್ಲಿರುವ ಸವಕಲು ಮಾತನ್ನು ಹೊರಡಿಸುತ್ತದೆ. ಅಪ್ಪಣೆ ಕೊಡುವ ಮುಂದಾಳುಗಳು ಈ ವ್ಯತ್ಯಾಸವನ್ನು ಮೊದಲು ಅರಿಯಬೇಕು.

ಇದಕ್ಕಿಂತ ದೊಡ್ಡ ಲೋಪವೊಂದಿದೆ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರ್ಯೆಯನ್ನು ಯಾಮಗಳಾಗಿ ಹಂಚಿಕೊಟ್ಟಿದ್ದಾನೆ. ಯಾಮವೆಂದರೆ ಸುಮಾರು ಮೂರು ಗಂಟೆಯ ಹೊತ್ತು. ಹಗಲಿನ ಮೊದಲನೆಯ ಯಾಮವು ವಿದ್ಯಾಭ್ಯಾಸಕ್ಕೆ, ಎರಡನೆಯದು ಕಾವ್ಯರಚನೆಗೆ, ಊಟವಾದ ಮೇಲೆ ಮೂರನೆಯದು ಗೋಷ್ಠಿಗೆ, ಪ್ರಶ್ನೋತ್ತರಕ್ಕೆ, ಸಮಸ್ಯೆಗಳಿಗೆ, ನಾಲ್ಕನೆಯದು ಬೆಳಗ್ಗೆ ಬರೆದುದನ್ನು ಒಬ್ಬನೇ ಆಗಲಿ ಮಿತವಾದ ಕೆಲವರೊಡನಾಗಲಿ ಕುಳಿತು ಪರೀಕ್ಷಿಸುವುದಕ್ಕೆ. ರಸಾವೇಶದಲ್ಲಿ ಬರೆಯುವವನಿಗೆ ವಿವೇಚಕ ದೃಷ್ಟಿಯು ಇರುವುದಿಲ್ಲ, ಆದುದರಿಂದ ಆವೇಶವಿಳಿದ ಮೇಲೆ ನೋಡತಕ್ಕದ್ದೆಂದು ಅದಕ್ಕೆ ಕಾರಣವನ್ನೂ ಕೊಟ್ಟನು. ಹೆಚ್ಚಾದುದನ್ನು ತೆಗೆಯುವುದು, ಕೊರತೆಯಾದುದನ್ನು ತುಂಬುವುದು, ಸ್ಥಳ ತಪ್ಪಿದುದನ್ನು ಸ್ಥಳಕ್ಕೆ ತರುವುದು, ಮರೆತುದನ್ನು ನೆನೆಯುವುದು ಇವೇ ಆ ಹೊತ್ತಿನ ಕೆಲಸಗಳು. ಮೂವತ್ತು ದಿನಗಳ ವ್ರತದವರ ದಿನಚರ್ಯೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮೊದಲನೆಯ ಯಾಮವೂ ಇಲ್ಲ, ನಾಲ್ಕನೆಯ ಯಾಮವೂ ಇಲ್ಲ. ಓದುವುದಿಲ್ಲ, ತಿದ್ದುವುದಿಲ್ಲ, ನಡುವಿನೆರಡನ್ನು ಮಾತ್ರ ಹಿಡಿದುಕೊಂಡು ಮೂವತ್ತು ದಿನ ಓಡುತ್ತಾರೆ. ಇದು ಬೀಜವನ್ನೂ ತಾರದೆ, ಕಳೆಯನ್ನೂ ಕೀಳದೆ, ಉಳುವುದನ್ನೇ ವ್ಯವಸಾಯವೆಂದು ನಂಬಿದ ಹಾಗಾಯಿತು.

ವಾಮನನು ಈ ತಿದ್ದುವಿಕೆಗೆ ಅವೇಕ್ಷಣವೆಂದು ಹೆಸರಿಟ್ಟನು. ಪದವನ್ನು ಇಟ್ಟು ನೋಡುವುದು, ತೆಗೆದು ನೋಡುವುದು ಎಂದು ಅದರ ಲಕ್ಷಣ. ಇನ್ನು ಯಾವ ಪದವನ್ನೂ ಬದಲಿಸಲಾಗದೆಂಬ ಸ್ಥಿತಿ ಬಂದಾಗ ಶಬ್ದವು ಪಾಕಕ್ಕೆ ಬಂದಿತೆಂದು ತಿಳಿಯತಕ್ಕದ್ದು. ಪಾಕವೆಂದರೇನೆಂಬುದನ್ನು ಮನೆಯ ಹೆಂಗಸರಿಗೆ ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ. ಒಂದೆಳೆ ಬಂದಿತೋ ಎರಡೆಳೆ ಬಂದಿತೋ ಎಂದು ಬೆರಳ ನಡುವೆ ಹಿಡಿದು ನೋಡದೆ ಯಾರೂ ಉಂಡೆ ಕಟ್ಟುವುದಿಲ್ಲ. ಬೆಲ್ಲವನ್ನು ನೀರಿಗೆ ಹಾಕಿದ ಕೂಡಲೇ ನೆಂಟರ ಎಲೆಗೆ ಬಡಿಸುವ ಗೃಹಿಣಿಯೂ ಇಲ್ಲ. ಅಡಿಗೆಯ ಮನೆಯಲ್ಲಿ ಇರುವ ವಿವೇಕವು ಕವಿತೆಯ ವಿಷಯದಲ್ಲಿ ಮಾತ್ರ ಏಕೆ ಕಾಣೆಯಾಗಬೇಕು?

ಇಲ್ಲಿ ಉತ್ಸಾಹಿಗಳು ಮೂರು ಹಳೆಯ ಸಾಕ್ಷಿಗಳನ್ನು ತರುತ್ತಾರೆ. ಒಂದನೆಯದು ಕವಿರಾಜಮಾರ್ಗ. ಕನ್ನಡ ನಾಡಿನ ಜನರು ವಿಶೇಷವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು 9ನೆಯ ಶತಮಾನದಲ್ಲಿಯೇ ಹೇಳಿತಲ್ಲವೆ ಎನ್ನುತ್ತಾರೆ. ಹೇಳಿತು, ನಿಜ, ಆದರೆ ಆ ಮಾತನ್ನು ಹೇಳಿದ ಗ್ರಂಥವು ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನೇ ದೋಷ ಅದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿತು. ಹೊಗಳಿಕೆ ಒಂದು ಪದ್ಯ, ತಿದ್ದುಪಡಿ ಒಂದು ಪರಿಚ್ಛೇದ. ಎರಡನೆಯ ಸಾಕ್ಷಿ ಪಂಪ; ಆದಿಪುರಾಣಕ್ಕೆ ಮೂರು ತಿಂಗಳು, ಭಾರತಕ್ಕೆ ಆರು ತಿಂಗಳು ಸಾಕಾಯಿತೆಂದು ಅವನ ಹೇಳಿಕೆ. ಆ ತಿಂಗಳುಗಳ ಹಿಂದೆ ಎಷ್ಟು ವರ್ಷಗಳ ಓದು ನಿಂತಿತ್ತೆಂಬುದನ್ನು ಆ ಕಾವ್ಯಗಳ ಯಾವ ಪುಟವಾದರೂ ಹೇಳೀತು. ಮೂರನೆಯ ಸಾಕ್ಷಿ ಕುಮಾರವ್ಯಾಸ. ಹಲಗೆ ಬಳಪಗಳನ್ನು ಹಿಡಿಯದೆ ಬರೆದೆನೆಂಬುದು ಅವನ ಹೆಮ್ಮೆ. ಹೆಮ್ಮೆಯೆಂಬುದನ್ನೇ ಗಮನಿಸಬೇಕು. ಎಲ್ಲರೂ ಮಾಡುವುದನ್ನು ಮಾಡಿದೆನೆಂದು ಯಾರೂ ಹೆಮ್ಮೆಪಡುವುದಿಲ್ಲ. ಉಳಿದ ಕವಿಗಳೆಲ್ಲರೂ ಹಲಗೆಯ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆದು, ಆಮೇಲೆ ಓಲೆಗೆ ಏರಿಸುತ್ತಿದ್ದರೆಂಬುದಕ್ಕೆ ಕುಮಾರವ್ಯಾಸನೇ ಸಾಕ್ಷಿಯಾದನು. ಪ್ರತಿಪಕ್ಷದ ಸಾಕ್ಷಿಯು ಈ ಪಕ್ಷಕ್ಕೆ ದೊರೆಯಿತು.

ಅವಧಾನಿಯು ಸಭೆಯಲ್ಲಿ ಆ ಕ್ಷಣದಲ್ಲಿಯೇ ಹೇಳುವುದಿಲ್ಲವೆ, ಅವನಿಗೆಲ್ಲಿ ನಾಲ್ಕನೆಯ ಯಾಮ ಎಂದೂ ಕೇಳಬಹುದು. ಅವಧಾನಿಯ ಇದಿರಿಗೆ ಪೃಚ್ಛಕನು ಕುಳಿತಿರುತ್ತಾನೆ. ಅರ್ಥವು ಕೂಡದಿದ್ದರೆ, ಗಣವು ತಪ್ಪಿದರೆ, ಅವನು ಒಪ್ಪುವುದಿಲ್ಲ; ಸಭೆಯೂ ಒಪ್ಪುವುದಿಲ್ಲ. ಒಂದು ಸುತ್ತಿಗೆ ಒಂದು ಪಾದದಂತೆ ನಾಲ್ಕು ಸುತ್ತುಗಳಲ್ಲಿ ಪದ್ಯವು ಬೆಳೆಯುವುದರಿಂದ ಅಲ್ಲಿ ಆಲೋಚನೆಗೆ ಎಡೆಯೂ ಉಂಟು. ಪರೀಕ್ಷಕನು ಇದಿರಿನಲ್ಲಿದ್ದರೆ ವೇಗವು ದೋಷವಲ್ಲ. ಪರೀಕ್ಷಕನೇ ಇಲ್ಲದ ವೇಗವು ಕೇವಲ ಅವಸರ. ಗಣೇಶರ ಪ್ರೇರಣೆಯಿಂದ ನಡೆದುಬಂದ ‘ಪದ್ಯಪಾನ’ದಲ್ಲಿಯೂ ಸಮಸ್ಯೆ, ದತ್ತಪದಿ, ಚಿತ್ರಗಳನ್ನು ಕೊಟ್ಟು ಬರೆಯಿಸಿದರು. ಅಲ್ಲಿ ದಿನಕ್ಕೊಂದರ ಬದಲು ವಾರಕ್ಕೊಂದು ಎಂಬ ನಡೆ. ಒಬ್ಬರ ಪದ್ಯದ ದೋಷವನ್ನು ಇನ್ನೊಬ್ಬರು ತೋರಿಸುವ, ತೋರಿಸಿದುದನ್ನು ಬರೆದವರು ತಿದ್ದಿಕೊಳ್ಳುವ ಪರಿಪಾಟಿ. ಅಪ್ಪಣೆಯೂ ಒರೆಗಲ್ಲೂ ಒಟ್ಟಿಗೆ ಇರಬಹುದೆಂಬುದಕ್ಕೆ ಇದು ನಿದರ್ಶನ.

ಇದೆಲ್ಲ ಹಳೆಯ ಛಂದಸ್ಸಿನ ಮಾತು, ಈಗಿನ ಕವಿತೆಗೆ ಗಣ ಪ್ರಾಸಗಳ ಕಟ್ಟಿಲ್ಲ ಎಂದರೆ ಅದಕ್ಕೂ ಸಮಾಧಾನವಿದೆ. ಛಂದಸ್ಸು ಬೇಕೇ ಬೇಕೆಂಬ ಹಟ ಯಾರಿಗೂ ಬೇಡ. ಆದರೆ ಕಟ್ಟಿಲ್ಲದ ಕವಿತೆಗೆ ತಿದ್ದುಪಡಿಯು ಹೆಚ್ಚಾಗಿ ಬೇಕೇ ಹೊರತು ಕಡಮೆಯಾಗಿ ಅಲ್ಲ. ಕಂದಪದ್ಯದಲ್ಲಿ ತಪ್ಪಿದರೆ ಮಾತ್ರೆಯನ್ನೆಣಿಸುವ ಬಾಲಕನೂ ತೋರಿಸುವನು. ಮುಕ್ತಕವಿತೆಯಲ್ಲಿ ಯಾವ ಸಾಲು ಸತ್ತಿದೆಯೆಂದು ಕಿವಿಯೂ ಮನಸ್ಸೂ ಮಾತ್ರ ಹೇಳಬಲ್ಲವು. ಅವು ಹೇಳುವುದಕ್ಕೆ ಕಾಲಾವಕಾಶವನ್ನು ಕೊಡಬೇಕು.

ಇನ್ನು ಉಳಿದುದು ಕರುಣೆಯ ವಾದ. ಇವರೆಲ್ಲ ಹೊಸಬರು, ಮನೆಗೆಲಸ ಮುಗಿಸಿ ಬರೆಯುವ ಗೃಹಿಣಿಯರು, ಹೊಲದಿಂದ ಬಂದು ಬರೆಯುವ ತರುಣರು, ಶಾಲೆಯ ಮಕ್ಕಳು, ಇವರನ್ನು ತಿದ್ದಹೊರಟರೆ ಎದೆಗುಂದಿ ಬರೆಯುವುದನ್ನೇ ಬಿಟ್ಟಾರು, ಆದುದರಿಂದ ಮೆಚ್ಚುವುದೇ ಧರ್ಮ ಎಂಬುದು ಆ ವಾದ. ಕೇಳುವುದಕ್ಕೆ ಇದು ದಯೆಯಂತೆ ತೋರುವುದು. ನಡೆಯಲ್ಲಿ ಇದು ಅನ್ಯಾಯ. ಪುಸ್ತಕಗಳಿರುವ ಮನೆಯಲ್ಲಿ ಹುಟ್ಟಿದ ಮಗುವು ಕವಿತೆ ಬರೆದರೆ ಅಪ್ಪನೋ ಚಿಕ್ಕಮ್ಮನೋ ಓದಿ, ಈ ಸಾಲು ಸಾಲದು ಎಂದು ಹೇಳುವರು. ಆ ಮಗುವಿಗೆ ಅಭಿನಂದನಾ ಪತ್ರದಿಂದ ಹಾನಿಯಿಲ್ಲ; ಮನೆಯೇ ಅದಕ್ಕೆ ಪಾಠಶಾಲೆ. ಜವನಗೊಂಡನಹಳ್ಳಿಯಂತಹ ಹೋಬಳಿಯಲ್ಲಿ, ಪುಸ್ತಕವಿಲ್ಲದ ಮನೆಯಲ್ಲಿ, ಒಬ್ಬ ಹುಡುಗಿಯು ನಿಜವಾದ ಶಕ್ತಿಯಿಂದ ಬರೆಯತೊಡಗಿದಳೆಂದು ಭಾವಿಸೋಣವಾಗಲಿ. ಅವಳಿಗೆ ಈ ಮೂವತ್ತು ದಿನಗಳ ಬಳಗವೇ ಗುರುಕುಲ, ಬೇರೆ ಗುರುವಿಲ್ಲ. ಆ ಗುರುಕುಲವು ಮೂವತ್ತು ದಿನವೂ ‘ಅದ್ಭುತ’, ‘ಅತ್ಯುತ್ತಮ’ ಎಂಬ ಎರಡೇ ಪದಗಳನ್ನು ಹೇಳಿ ಕಳುಹಿಸಿದರೆ ಅವಳು ಕಲಿತುದೇನು? ಅವಳ ಒಳ್ಳೆಯ ಸಾಲಿಗೂ ಅದೇ ಪದ, ಸವಕಲು ಸಾಲಿಗೂ ಅದೇ ಪದ. ಯಾವುದು ತನ್ನದು, ಯಾವುದು ಎರವಲು ಎಂದು ಅವಳು ತಿಳಿಯುವ ಬಗೆ ಹೇಗೆ? ತಿದ್ದುಪಡಿ ಯಾರಿಗೆ ಎಲ್ಲಕ್ಕಿಂತ ಅಗತ್ಯವೋ ಅವರಿಗೇ ಅದನ್ನು ಕೊಡದಿರುವುದು ಯಾವ ಕರುಣೆ? ಮೂವತ್ತೊಂದನೆಯ ದಿನ ಅಪ್ಪಣೆ ನಿಂತಿತು, ಹೊಗಳಿಕೆ ನಿಂತಿತು, ಬರವಣಿಗೆಯೂ ನಿಂತಿತು. ಎದೆಗುಂದಿಸುವುದು ತಿದ್ದುಪಡಿಯಲ್ಲ, ಈ ಮೌನ.

ಗುರುವಿನ ಕಣ್ಣು ಎಂತಹುದೆಂದು ಈ ಜಿಲ್ಲೆಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು ತಮ್ಮ ಪುಸ್ತಕಗಳಿಗಿಂತಲೂ ತಮ್ಮ ಶಿಷ್ಯರಿಂದ ಹೆಚ್ಚಾಗಿ ಉಳಿದವರು. 1939ರಲ್ಲಿ ಅವರು ತೀರಿಕೊಂಡರು. ಹತ್ತು ವರ್ಷಗಳ ತರುವಾಯ, 1949ರಲ್ಲಿ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅವರಿಗೇ ಅರ್ಪಿಸಿದರು. ಬರಿಯ ಹೊಗಳಿಕೆಗೆ ಯಾರೂ ಇಂತಹ ಋಣವನ್ನು ಸಲ್ಲಿಸುವುದಿಲ್ಲ.

ಹಾಗಾದರೆ ಈ ಮೂವತ್ತು ದಿನಗಳನ್ನು ಬಿಟ್ಟುಬಿಡಬೇಕೋ? ಸರ್ವಥಾ ಬೇಡ, ಕ್ರಮವಾಗಿ ನಡೆಸಬೇಕು. ಅಪ್ಪಣೆ ಕೊಡುವವರು ಬರಿಯ ವಿಷಯವನ್ನು ಕೊಡದೆ ಸಮಸ್ಯೆಯನ್ನು ಕೊಡಲಿ. ಪ್ರತಿದಿನವೂ ಬರೆಯುವ ಪದದೊಡನೆ ಓದುವುದಕ್ಕೆ ಹಳೆಯದಾಗಲಿ ಹೊಸದಾಗಲಿ ಒಂದು ಒಳ್ಳೆಯ ಕವಿತೆಯನ್ನೂ ಸೂಚಿಸಲಿ. ಹಾಗೆ ಮಾಡಿದರೆ ಮೊದಲನೆಯ ಯಾಮವು ಮರಳಿ ಬಂದಂತಾಯಿತು. ಬರೆಯುವವರು ಒಂದು ಪುಸ್ತಕವನ್ನು ಮಾಡಿಕೊಂಡು ಎಡಗಡೆಯ ಪುಟದಲ್ಲಿ ಆ ದಿನದ ಬರವಣಿಗೆಯನ್ನು ಬರೆದು, ಬಲಗಡೆಯ ಪುಟವನ್ನು ಖಾಲಿ ಬಿಡಲಿ. ಹತ್ತು ದಿನಗಳಾದ ಮೇಲೆ ಗಟ್ಟಿಯಾಗಿ ಓದಿನೋಡಿ, ನಿಂತ ಸಾಲುಗಳನ್ನು ಮಾತ್ರ ಬಲಗಡೆಗೆ ದಾಟಿಸಲಿ. ತಿಂಗಳ ಕೊನೆಯಲ್ಲಿ ಇಬ್ಬರ ಮುಂದೆ ಓದಲಿ. ಆ ಇಬ್ಬರಲ್ಲಿ ಒಬ್ಬರಾದರೂ ಮುಖಸ್ತುತಿ ಮಾಡದವರಾಗಿರಲಿ. ಮೂವತ್ತರಲ್ಲಿ ಮೂರು ಉಳಿದರೆ ಆ ತಿಂಗಳು ಸಾರ್ಥಕ; ಒಂದೂ ಉಳಿಯದಿದ್ದರೆ ಉಳಿಯಲಿಲ್ಲವೆಂದು ತಿಳಿದುದೇ ಲಾಭ. ಬಳಗದ ಹಿರಿಯರು ಅಭಿನಂದನಾ ಪತ್ರದ ಬದಲಿಗೆ ಪ್ರತಿಯೊಬ್ಬರಿಗೂ ಒಂದು ಗುಣವನ್ನೂ ಒಂದು ದೋಷವನ್ನೂ ಬರೆದು ಕಳುಹಿಸಲಿ. ಎಲ್ಲರಿಗೂ ಬರೆಯುವುದು ಶ್ರಮವೆಂದರೆ ಬಳಗವನ್ನು ಚಿಕ್ಕದು ಮಾಡಿಕೊಳ್ಳಲಿ. ಮನೆಯ ಹಿರಿಯರೂ ಇದರಲ್ಲಿ ಪಾಲುಗೊಳ್ಳಬೇಕು. ಮಗಳು ಮೊಬೈಲಿನಲ್ಲಿ ಏನೋ ಬರೆಯುತ್ತಾಳೆಂದು ಸುಮ್ಮನಿರದೆ, ಓದಮ್ಮಾ ಕೇಳೋಣವೆಂದು ಕುಳಿತು ಕೇಳಿದರೆ ನಾಲ್ಕನೆಯ ಯಾಮವು ಆ ಮನೆಯ ಜಗುಲಿಯಲ್ಲಿಯೇ ನಡೆಯುವುದು.

ಹಿರಿಯೂರು ಸೀಮೆಯವರಿಗೆ ನೀರಿನ ಬೆಲೆಯನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1907ರಲ್ಲಿ ಮುಗಿಯಿತು. 1933ರಲ್ಲಿ ಅದು ಕೋಡಿ ಬಿದ್ದಿತು. ಅದಾದ ಬಳಿಕ ಎಂಬತ್ತೊಂಬತ್ತು ವರ್ಷಗಳು ಕಳೆದು 2022ರಲ್ಲಿ ಮತ್ತೆ ಬಿದ್ದಿತು. ಆ ನಡುವಣ ಮಳೆಗಳು ವ್ಯರ್ಥವಾದುವೆಂದು ಆ ನೀರನ್ನು ನಂಬಿ ತೆಂಗು ಅಡಿಕೆಗಳನ್ನು ಬೆಳೆದವರು ಯಾರೂ ಹೇಳರು. ಬಂದ ಮಳೆಯೆಲ್ಲ ಒಳಗೆ ನಿಂತಿತು, ನಿಂತುದರಿಂದಲೇ ತೋಟಗಳು ಉಳಿದುವು. ದಿನಕ್ಕೊಂದು ಅಪ್ಪಣೆಯೆಂಬುದು ದಿನಕ್ಕೊಂದು ಹದಮಳೆ. ಬರಲಿ, ಬೇಕಾದಷ್ಟು ಬರಲಿ. ಆದರೆ ತೂಬನ್ನು ತೆರೆದಿಟ್ಟು ಮಳೆಗೆ ಕಾಯುವವನ ಕೆರೆಯಲ್ಲಿ ಆಷಾಢದಲ್ಲಿಯೂ ಮಂಡಿಯುದ್ದ ನೀರು ನಿಲ್ಲುವುದಿಲ್ಲ. ಮೂವತ್ತು ದಿನ ಬರೆಯುವವರು ಮೊದಲು ತೂಬನ್ನು ಮುಚ್ಚಲಿ.